ದನಿಯಿಲ್ಲದ ಚಾಕು

ವಸಂತ ಕಾಕಾರ ಮನೆಯಲ್ಲಿ ಚಾಕುಗಳಿಗೆಂದೇ ಒಂದು ಕಪಾಟು ಇದೆ. ಅಡುಗೆಮನೆಯ ಚಾಕುಗಳಲ್ಲ, ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವಂಥವು. ಬ್ಯಾಂಕಿನ ನೌಕರಿಯಲ್ಲಿ ಎಲ್ಲೆಲ್ಲಿಗೆ ವರ್ಗವಾಯಿತೋ ಅಲ್ಲಲ್ಲಿಂದ ಒಂದೊಂದು ತಂದವರು, ನಿವೃತ್ತಿಯಾದ ಮೇಲೆ ಧಾರವಾಡಕ್ಕೆ ಹೋಗದೆ ಗೋವಾದ ಪರ್ವರಿಯಲ್ಲಿಯೇ ಫ್ಲ್ಯಾಟು ಕೊಂಡು ಆ ಕಪಾಟು ಮಾಡಿಸಿದರು. ತೆಳ್ಳನೆಯ ಖಾನೆಗಳು, ಒಳಗೆ ಹಸಿರು ಮಖಮಲ್ಲು. ಹಡಗಿನವರು ಹಗ್ಗದ ಗಂಟು ಬಿಚ್ಚುವ ಮೊಳೆಯಿರುವ ಚಾಕು, ಮೀನಿನ ಆಕಾರದ ಹಿತ್ತಾಳೆಯ ಚಾಕು, ತೋಟದವರು ಕಸಿ ಕಟ್ಟುವ ಚಾಕು, ಪೋರ್ತುಗೀಸರ ಕಾಲದ್ದೆಂದು ಅವರು ನಂಬಿರುವ ಕಟ್ಟಿಗೆ ಹಿಡಿಕೆಯ ಚಾಕು. ಕತ್ತರಿ, ಹಲ್ಲುಕಡ್ಡಿ ಎಲ್ಲ ಅಡಗಿಕೊಂಡಿರುವ ಕೆಂಪು ಚಾಕು ಕೂಡ ಇದೆ.

ಮಂದಾಕಿನಿ ಕಾಕು ಆ ಕಪಾಟಿನ ಹತ್ತಿರ ಹೋಗುವುದಿಲ್ಲ. ಬೇರೆಯವರ ಗಂಡಂದಿರು ಬಂಗಾರ ಕೂಡಿಸಿದರೆ ತನ್ನವರು ಉಳ್ಳಾಗಡ್ಡಿ ಹೆಚ್ಚಲಿಕ್ಕೂ ಬಾರದ ಚಾಕು ಕೂಡಿಸಿದ್ದಾರೆ ಎಂದು ಬಂದವರೆದುರು ಹೇಳುತ್ತಾಳೆ. ಕಾಕಾ ನಗುತ್ತಾರೆ.

ಗೋವಾದ ಗಾಳಿಗೆ ಕಬ್ಬಿಣ ತಾಳುವುದಿಲ್ಲ. ಮಳೆಗಾಲದಲ್ಲಂತೂ ಒರೆಸಿಟ್ಟದ್ದು ವಾರದೊಳಗೆ ಕಂದು ಚುಕ್ಕೆ ಹಿಡಿಯುತ್ತದೆ. ಅದಕ್ಕೇ ಚಾಕುಗಳನ್ನು ಬಿಚ್ಚಿ, ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಹಚ್ಚುವ ಕೆಲಸ ನನ್ನದು. ಕಸಗುಡಿಸಲು, ನೆಲ ಒರೆಸಲು, ಪಾತ್ರೆ ತೊಳೆಯಲು ಬಂದವಳು ನಾನು. ನನ್ನ ಕೈ ಗದ್ದಲ ಮಾಡುವುದಿಲ್ಲವೆಂದು ಕಾಕಾ ಈ ಕೆಲಸವನ್ನೂ ಕೊಟ್ಟರು. ನನಗೆ ಅದು ಹಿಡಿಸಿತು. ಚಾಕುಗಳು ಏನೂ ಕೇಳುವುದಿಲ್ಲ. ಶಾಲೆ ಎಲ್ಲಿಯವರೆಗೆ ಆಯಿತು, ಯಾಕೆ ಬಿಟ್ಟೆ, ಲಗ್ನ ಯಾವಾಗ ಎಂದು ಕೇಳುವವರ ಮನೆಗಳಲ್ಲಿ ನಾನು ಬಹಳ ದಿನ ನಿಲ್ಲುವುದಿಲ್ಲ.

ಪ್ರತಿ ಚಾಕುವಿಗೂ ತೆರೆಯುವಾಗ ಒಂದು ದನಿ ಇರುತ್ತದೆ. ಹಿತ್ತಾಳೆಯದು ಚಿಟಿಕೆ ಹೊಡೆದಂತೆ, ಹಡಗಿನದು ಬಾಗಿಲ ಅಗುಳಿ ಬಿದ್ದಂತೆ. ಕಣ್ಣು ಮುಚ್ಚಿಕೊಂಡು ಕೂತ ಕಾಕಾ ಯಾವುದನ್ನು ತೆರೆದೆನೆಂದು ಹೇಳುತ್ತಿದ್ದರು. ಸ್ವಲ್ಪ ದಿನದಲ್ಲಿ ನನಗೂ ಅದು ಬಂತು.

ಮಳೆ ಹಿಡಿದ ಹೊಸದರಲ್ಲಿ ಕಾಕಾ ಮಾಪಸಾದ ಶುಕ್ರವಾರದ ಬಜಾರಿಗೆ ಹೋಗಿದ್ದರು. ಅಲ್ಲಿ ಪರ್ವೇಜ ಎಂಬವನು ಗೋಣಿಚೀಲ ಹಾಸಿ ಹಳೆಯ ಕೀಲಿ, ಬೀಗ, ಕೊಂಡಿ ಮಾರುತ್ತಾನೆ. ಅವನ ಹತ್ತಿರ ಸಿಕ್ಕಿತೆಂದು ಒಂದು ಸಣ್ಣ ಚಾಕು ತಂದು, ಮೇಜಿನ ಮೇಲೆ ಪೇಪರು ಹಾಸಿ ಇಟ್ಟರು. ಎಮ್ಮೆ ಕೊಂಬಿನ ಹಿಡಿಕೆ. ಮಡಚಿದಾಗ ನನ್ನ ಬೆರಳಿನಷ್ಟು ಉದ್ದ. ಅದರ ಸುತ್ತ ಕರಿ ದಾರವನ್ನು ಒತ್ತೊತ್ತಾಗಿ ಸುತ್ತಿದ್ದರು. ದಾರದ ಎಳೆಗಳ ನಡುವೆ ಅರಿಸಿನದಂಥ ಹಳದಿ ಕೂತಿತ್ತು. ಹೊಳೆಯ ಮರಳು ತೆಗೆಯುವ ದೋಣಿಯವರ ಬುಟ್ಟಿಯಲ್ಲಿ ಬಂದದ್ದಂತೆ ಎಂದರು ಕಾಕಾ. ದಾರದ ತುದಿ ಸಿಗದೆ, ಕೆಂಪು ಚಾಕುವಿನ ಕತ್ತರಿಯಿಂದ ಕತ್ತರಿಸಿದರು. ಪೇಪರಿನ ಮೇಲೆ ಬಿದ್ದ ದಾರದ ಚೂರುಗಳನ್ನು ನಾನು ಕಸದ ಜೊತೆ ಹಾಕಿದೆ.

ಅಲಗು ಹೊರಬಂತು. ಇಷ್ಟು ದಿನ ನೀರಿನಲ್ಲಿದ್ದರೂ ತುಕ್ಕು ಇರಲಿಲ್ಲ. ಕಾಕಾ ಅದನ್ನು ಕಿವಿಯ ಹತ್ತಿರ ಹಿಡಿದು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಇದಕ್ಕ ದನೀನ ಇಲ್ಲಲಾ, ರೇಣು," ಅಂದರು. "ಮೂಕ ಅದ."

ಇಷ್ಟು ವರ್ಷದಲ್ಲಿ ಸದ್ದು ಮಾಡದ ಚಾಕು ನೋಡಿರಲಿಲ್ಲವಂತೆ. ಬಹಳ ಖುಷಿಯಿಂದ ಕೆಳಗಿನ ಖಾನೆಯಲ್ಲಿ ಜಾಗ ಮಾಡಿ ಇಟ್ಟರು.

ಅದೇ ತಿಂಗಳು ಅವರ ಮಗಳು ಪದ್ಮಶ್ರೀ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ಆಸ್ಪತ್ರೆಯಿಂದ ಕರೆತಂದ ದಿನ ಕಾಕು ಆರತಿ ಮಾಡಿ ಒಳಗೆ ಕರೆದಳು. ಆಮೇಲೆ ತಾಯಿ ಮಗಳಿಗೆ ಸಣ್ಣ ಜಗಳ. ಕೆಂಡದ ಮೇಲೆ ಅಜವಾನ ಹಾಕಿ ಹೊಗೆ ಕೊಡಬೇಕೆಂದು ಕಾಕು, ಎಸಿ ಹಾಕಿದ ಕೋಣೆಯಲ್ಲಿ ಹೊಗೆ ಬೇಡವೆಂದು ಅಕ್ಕ. ಕೊನೆಗೆ ಕಾಕುವೇ ಸೋತಳು. ಹಿಂದಿನ ಕೋಣೆಯಲ್ಲಿ ಅಕ್ಕನ ಮಂಚ, ಅದರ ಮಗ್ಗುಲಲ್ಲಿ ತೊಟ್ಟಿಲು.

ಮಧ್ಯಾಹ್ನ ಊಟವಾದ ಮೇಲೆ ಆ ಮನೆ ಮಲಗುತ್ತದೆ. ಆ ಹೊತ್ತಿಗೆ ಪರ್ವರಿಯ ಅಂಗಡಿಗಳೂ ಬಾಗಿಲೆಳೆದಿರುತ್ತವೆ, ರಸ್ತೆಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಎಲ್ಲರೂ ಮಲಗಿದ್ದಾಗ ನಾನು ಹಿಂದಿನ ಕೋಣೆಯ ನೆಲ ಒರೆಸುತ್ತಿದ್ದೆ, ಅಕ್ಕ ಎಚ್ಚರವಾಗದಂತೆ.

ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ಸುಟ್ಟ ಅಜವಾನದ ವಾಸನೆ ಇತ್ತು. ಕಾಕು ಅಕ್ಕನಿಗೆ ಗೊತ್ತಾಗದ ಹಾಗೆ ಹೊಗೆ ಹಾಕಿರಬೇಕು ಎಂದುಕೊಂಡೆ. ಸಂಜೆ ಕಾಕುವೇ ಮೂಗೆಳೆದು, ಪಕ್ಕದ ಮನೆಯಲ್ಲಿ ಯಾರೋ ಬಾಣಂತಿ ಇದ್ದಾಳೆ ನೋಡು ಎಂದಳು. ಪಕ್ಕದ ಮನೆಯವರು ಮುಂಬಯಿಗೆ ಹೋಗಿ ತಿಂಗಳಾಗಿತ್ತು.

ಕೂಸು ಅಳಲು ಶುರು ಮಾಡಿ, ಯಾರೂ ಹೋಗುವ ಮೊದಲೇ ನಿಲ್ಲಿಸುತ್ತಿತ್ತು. ಎತ್ತಿಕೊಳ್ಳುವ ಮುಂಚೆ ಮಕ್ಕಳು ತಾವಾಗಿ ಸುಮ್ಮನಾಗುವುದಿಲ್ಲ. ನಮ್ಮ ಚಿಂಬಲ್ಲಿನ ಓಣಿಯಲ್ಲಿ ಇಷ್ಟು ಕೂಸುಗಳನ್ನು ನೋಡಿದ್ದೇನೆ, ನನಗೆ ಗೊತ್ತು. ಆದರೆ ಮನೆಯವರೆಲ್ಲ ಗುಣದ ಕೂಸು ಎಂದು ಸಂತೋಷಪಟ್ಟರು.

ನೆಲದ ವಿಷಯ ಆಮೇಲೆ ಆದದ್ದು. ಕೋಣೆಯನ್ನೆಲ್ಲ ಒರೆಸಿ ಬಾಗಿಲಿಗೆ ಬಂದು ತಿರುಗಿ ನೋಡಿದರೆ ಟೈಲ್ಸು ಒದ್ದೆಯಾಗಿ ಹೊಳೆಯುತ್ತಿತ್ತು, ತೊಟ್ಟಿಲ ಹತ್ತಿರ ಒಂದು ಜಾಗ ಬಿಟ್ಟು. ಅಲ್ಲಿ ಒಣಗಿತ್ತು. ಬಿಟ್ಟುಹೋಯಿತೇನೋ ಎಂದು ಹೋಗಿ ಒರೆಸಿದೆ. ತಿರುಗಿ ಬರುವುದರೊಳಗೆ ಮತ್ತೆ ಒಣಗಿತ್ತು. ಮುಂದೆ ಅಗಲ, ಹಿಂದೆ ಕಿರಿದು. ಹೆಂಗಸೊಬ್ಬಳು ಚಕ್ಕಳ ಬಕ್ಕಳ ಹಾಕಿ ಕೂತರೆ ಎಷ್ಟು ಜಾಗ ಬೇಕೋ ಅಷ್ಟು. ಕೈ ಇಟ್ಟೆ. ಎಸಿಯ ಗಾಳಿಗೆ ಉಳಿದ ನೆಲವೆಲ್ಲ ತಣ್ಣಗೆ ಕೊರೆಯುತ್ತಿತ್ತು. ಅಲ್ಲಿ ಮಾತ್ರ, ಯಾರೋ ಬಹಳ ಹೊತ್ತು ಕೂತು ಈಗಷ್ಟೇ ಎದ್ದಂತೆ, ಬೆಚ್ಚಗಿತ್ತು.

ಯಾರಿಗೂ ಹೇಳಲಿಲ್ಲ. ಏನೆಂದು ಹೇಳಬೇಕಿತ್ತು?

ಆ ವಾರವೇ ಕೂಸು ಹಾಲು ಬಿಟ್ಟಿತು. ಅಕ್ಕ ಎದೆಗೆ ಹಿಡಿದರೆ ಮುಖ ಆಚೆ ಹಾಕುತ್ತಿತ್ತು. ಅಳುತ್ತಿರಲಿಲ್ಲ, ಹಸಿದಂತೆಯೂ ಕಾಣುತ್ತಿರಲಿಲ್ಲ. ತುಟಿಯ ಕೊನೆಯಲ್ಲಿ ಹಾಲಿನ ಗುರುತು ಇರುತ್ತಿತ್ತು. ಡಾಕ್ಟರರ ಹತ್ತಿರ ತೂಗಿದರೆ ತೂಕ ಇಳಿದಿತ್ತು. ಅವರಿಗೆ ಯಾವ ತೊಂದರೆಯೂ ಕಾಣಲಿಲ್ಲ. ಬಾಟಲಿ ಹಾಲು ಕೊಟ್ಟು ನೋಡಿ ಎಂದರು. ಕೂಸು ಅದನ್ನೂ ಉಗುಳಿತು. ತೊಡೆಯ ಚರ್ಮ ಸಡಿಲಾಗುತ್ತ ಬಂತು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಎರಡನೆಯ ಸಲ ಹೋದಾಗ ಹೇಳಿ ಕಳಿಸಿದರು.

"ಹೊಟ್ಟಿ ತುಂಬಿದವರ ಹಾಂಗ ಮಾರಿ ತಿರಗಸ್ತದ, ರೇಣು," ಅಕ್ಕ ನನ್ನೆದುರು ಅತ್ತಳು. "ನಂದು ಸೇರವಲ್ದು ಅಂದ್ರ ಯಾರದು ಕುಡೀತದ ಇದು?"

ಅಂದು ತೊಟ್ಟಿಲ ಹಾಸಿಗೆಯ ಬಟ್ಟೆ ಬದಲಿಸುವಾಗ ತಲೆಯ ಕಡೆ, ಹಾಸಿಗೆಯ ಕೆಳಗೆ, ಕೊಂಬಿನ ಹಿಡಿಕೆಯ ಆ ಚಾಕು ಸಿಕ್ಕಿತು. ಅಲಗು ತೆರೆದಿತ್ತು.

ಕಾಕುವನ್ನು ಕೇಳಿದೆ. ಅವಳು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದಳು. ಬಾಣಂತಿಯ, ಕೂಸಿನ ತಲೆಯ ಹತ್ತಿರ ಕಬ್ಬಿಣ ಇರಬೇಕು, ಮಗಳು ಹೊಗೆ ಬೇಡವೆಂದಳೆಂದು ಇದನ್ನೂ ಬಿಡಲಾಗುತ್ತದೆಯೇ? ಅಡುಗೆಮನೆಯ ಚಾಕು ಇಡಲು ಹೆದರಿಕೆಯಾಯಿತು. ಕಪಾಟಿನಲ್ಲಿ ಇದೊಂದು ಸಣ್ಣದು, ಮಡಚುವಂಥದ್ದು, ಸದ್ದಿಲ್ಲದ್ದು ಸಿಕ್ಕಿತು. ನಾನು ಮಡಚಿಯೇ ಇಟ್ಟಿದ್ದೆ, ಒರೆಸಲು ಹೋಗಿ ನೀನೇ ಬಿಚ್ಚಿರಬೇಕು ಎಂದು ನನ್ನನ್ನು ಗದರಿದಳು. ಕಾಕಾರಿಗೆ ಹೇಳಬೇಡ, ಹೆಸರಿಡುವವರೆಗೆ ಅಲ್ಲೇ ಇರಲಿ ಎಂದಳು. ಮಡಚಿ ಮತ್ತೆ ಇಟ್ಟಳು.

ಮರುದಿನ ಮಧ್ಯಾಹ್ನ ನೋಡಿದೆ. ತೆರೆದಿತ್ತು.

ಚಿಂಬಲ್ಲಿನಲ್ಲಿ ನಮ್ಮದು ಒಂದೇ ಕೋಣೆ. ಅಪ್ಪ ಮೋತಿಲಾಲ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಅವ್ವ ಭೂರಿಬಾಯಿ ಸಮುದ್ರದ ದಂಡೆಯಲ್ಲಿ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಾಳೆ. ಮನೆಯಲ್ಲಿ ಇರುವವಳು ದಾದಿ, ಅಪ್ಪನ ತಾಯಿ ಥಾವರಿಬಾಯಿ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟದ್ದು ಅವಳು ಬಿದ್ದು ಸೊಂಟ ಮುರಿದುಕೊಂಡಾಗ. ಅವಳೊಬ್ಬಳಿಗೆ ನಾನು ಎಲ್ಲ ಹೇಳುತ್ತೇನೆ.

ದಾದಿ ರೊಟ್ಟಿ ಬಡಿಯುತ್ತ ಕೇಳಿದಳು. ನೆಲದ ಮಾತು ಬಂದಾಗ ಕೈ ನಿಲ್ಲಿಸಿದಳು.

"ಅದಕ್ಕ ದಾರ ಸುತ್ತಿತ್ತೇನು?"

ಇತ್ತು, ಕಾಕಾ ಕತ್ತರಿಸಿದರು ಎಂದೆ. ಅವಳು ತಟ್ಟಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿದಳು.

ನಮ್ಮ ತಾಂಡಾದಲ್ಲಿ ಹೆರಿಗೆಯಾದವಳ ತಲೆಯ ಹತ್ತಿರ ಒಂದು ಚಾಕು ಇಡುತ್ತಾರೆ. ಕೂಸು ಉಳಿದು ತಾಯಿ ಹೋದರೆ, ಆ ಚಾಕು ಮಡಚಿ, ಅವಳದೇ ಸೀರೆಯ ಸೆರಗಿನಿಂದ ಎಳೆ ತೆಗೆದು ಸುತ್ತುತ್ತಾರೆ, ಅರಿಸಿನ ಹಚ್ಚಿ ಹರಿಯುವ ನೀರಿಗೆ ಬಿಡುತ್ತಾರೆ. ಸುತ್ತುವವರು ಅವಳ ಸ್ವಂತದವರೇ ಆಗಬೇಕು. ಆ ಎಳೆ ಬಿಚ್ಚಿದರೆ ಅವಳು ಕೂಸನ್ನು ಹುಡುಕಿಕೊಂಡು ಬರುತ್ತಾಳೆ. ದಾದಿ ಹರೆಯದಲ್ಲಿ ಹೊಳೆಯ ಮೇಲ್ಗಡೆ ಸಾಂಖಳಿಯ ಕಡೆ ಗಣಿಯಲ್ಲಿ ಮಣ್ಣು ಹೊತ್ತವಳು. ಆಗ ಅಲ್ಲಿಯ ಜೋಪಡಿಗಳಲ್ಲಿ ಹೆತ್ತವರು ಎಷ್ಟೋ, ಹೋದವರು ಎಷ್ಟೋ. ಇದು ಯಾರದೆಂದು ಈಗ ಹೇಳಲಾಗದು ಎಂದಳು.

"ಆಕಿ ಕೆಡಕ ಮಾಡಾಕ ಬರಂಗಿಲ್ಲ," ಅಂದಳು ದಾದಿ. "ಹಾಲ ಕುಡಸಾಕ ಬರತಾಳ. ತಾ ಸತ್ತದ್ದು ಆಕಿಗೆ ಗೊತ್ತಿಲ್ಲ. ಆ ಹಾಲಿನಾಗ ಏನೂ ಇರೂದಿಲ್ಲ. ಕುಡದ ಕೂಸಿಗೆ ಹೊಟ್ಟಿ ತುಂಬತೈತಿ, ಮೈ ತುಂಬೂದಿಲ್ಲ."

ಮತ್ತೆ ಹೊಳೆಗೆ ಎಸೆದರೆ ಎಂದು ಕೇಳಿದೆ. ಒಮ್ಮೆ ಎತ್ತಿದವರು ಮತ್ತೊಮ್ಮೆ ಎತ್ತುವುದಿಲ್ಲವೇ ಎಂದಳು. ಅದು ಯಾರ ಮನೆಯಲ್ಲಿರುತ್ತದೋ ಅವಳು ಅಲ್ಲಿಗೇ ಬರುತ್ತಾಳೆ. ಆ ಮನೆಯವರು ತಾವೇ ಒಪ್ಪಿ ನೆಲಕ್ಕೆ ಇಡಬೇಕು, ಇನ್ನೊಬ್ಬರು ತಮ್ಮದೆಂದು ಎತ್ತಬೇಕು. ಕದ್ದು ಒಯ್ದರೆ ಅವಳು ಅದರ ಹಿಂದೆ ಬರುವುದಿಲ್ಲ, ಕೂಸಿನ ಹತ್ತಿರವೇ ಉಳಿಯುತ್ತಾಳೆ. ಅದು ಕೂಸಿಲ್ಲದ ಮನೆಗೆ ಹೋದರೆ ಎಂದೆ. ಸ್ವಲ್ಪ ದಿನ ಕೂತು ಎದ್ದು ಹೋಗುತ್ತಾಳೆ ಎಂದು ದಾದಿ ಬೇರೆಯವರ ಬಾಯಿಂದ ಕೇಳಿದ್ದಳು. ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಕೂಸಿಲ್ಲ ಎಂದೆ. ದಾದಿ ನನ್ನ ಮುಖವನ್ನೇ ನೋಡಿದಳು, ಬೇಡ ಎನ್ನಲಿಲ್ಲ.

ಮರುದಿನ ದಾರಿಯುದ್ದಕ್ಕೂ ಮಾತನ್ನು ಬಾಯಲ್ಲಿ ತಿರುಗಿಸಿದೆ. ಆ ಮನೆಗೆ ಬಂದಂದಿನಿಂದ ನಾನಾಗಿ ಒಂದನ್ನೂ ಕೇಳಿದವಳಲ್ಲ, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೂಡ. ನಾನು ಹೋದಾಗ ಕಾಕಾರ ಮನೆಯಲ್ಲಿ ಗದ್ದಲ ನಡೆದಿತ್ತು. ಕಾಕಾ ಕೆಳಗಿನ ಖಾನೆ ಎಳೆದುಕೊಂಡು ಕೂತಿದ್ದರು, ಮೂಕ ಚಾಕು ಇರಲಿಲ್ಲ. ಕಾಕು ಒಪ್ಪಿಕೊಳ್ಳಬೇಕಾಯಿತು. ಕಾಕಾ ಒಳಗೆ ಹೋಗಿ, ತೊಟ್ಟಿಲಿಂದ ಅದನ್ನು ತೆಗೆದುಕೊಂಡು ಬಂದರು. ತೆರೆದ ಅಲಗನ್ನು ಮಡಚಿ ಮೇಜಿನ ಮೇಲೆ ಇಟ್ಟರು. ಕನ್ನಡಕ ಒರೆಸಿ ಹಾಕಿಕೊಳ್ಳುವುದರೊಳಗೆ ಅದು ತೆರೆದಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಕಾಕಾ ನೋಡಿದರು. ಕಾಕು ಬೆನ್ನು ತಿರುಗಿಸಿ ನಿಂತು ಗೊಣಗುತ್ತಿದ್ದಳು.

"ಸ್ಪ್ರಿಂಗ್ ಹೋಗಿರಬೇಕು," ಅಂದರು ಕಾಕಾ, ತಮಗೆ ತಾವೇ.

"ಕಾಕಾ, ಅದನ್ನ ನನಗ ಕೊಡ್ರಿ," ಅಂದೆ.

ಕಾಕು ತಿರುಗಿದಳು. ಕಾಕಾರಿಗೆ ನಗು ಬಂತು. "ಹುಚ್ಚಿ, ಬೇಕಾದ್ರ ಕೆಂಪದು ಒಯ್ಯಿ. ಕತ್ರಿ ಅದ, ಹಲ್ಲುಕಡ್ಡಿ ಅದ. ಇದರಾಗ ಏನದ?"

"ಇದ ಬೇಕ್ರಿ."

"ಯಾಕ?"

ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸಿನ ಕಾಲು ಒಣ ಕಡ್ಡಿಯ ಹಾಗೆ ಜೋತಿತ್ತು. ಅವಳೆದುರು ನಾನು ಆ ಮಾತು ಆಡಲಾರದಾದೆ.

"ಕೂಸಿನ ಸಲುವಾಗಿ ರೀ."

ಕಾಕಾ ಕೂಸಿನ ಕಡೆ ನೋಡಿದರು. ಯಾರು ಕೇಳಿದರೂ ತಮ್ಮ ಚಾಕು ಕೊಟ್ಟವರಲ್ಲ. ಅಳಿಯ ಮಿಲಿಂದ ಕೇಳಿದಾಗಲೂ ನಕ್ಕು ಮಾತು ಹಾರಿಸಿದ್ದರು. ಹೆಬ್ಬೆರಳಿನಿಂದ ಕೊಂಬಿನ ಹಿಡಿಕೆಯನ್ನು ಒಮ್ಮೆ ಉಜ್ಜಿ, ನನ್ನ ಕಡೆ ಕೈ ಚಾಚಿದರು.

"ಕೈಯಾಗ ಬ್ಯಾಡ್ರಿ," ಅಂದೆ. "ನೆಲಕ್ಕ ಇಡ್ರಿ. ಮನಸಿನಿಂದ ಇಡ್ರಿ."

"ಖರೇ ಅದ," ಅಂದಳು ಕಾಕು, "ಚಾಕು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗ್ತಾವ." ಅವಳಿಗೆ ತಿಳಿದದ್ದು ಅಷ್ಟೇ. ಅಷ್ಟೇ ಇದ್ದದ್ದು ಒಳ್ಳೆಯದಾಯಿತು.

ಕಾಕಾ ಬಗ್ಗಿ ಅದನ್ನು ಟೈಲ್ಸಿನ ಮೇಲೆ ಇಟ್ಟರು. ನಾನು ಕೂತು, ನನ್ನದು ಎಂದು ಬಾಯಿಬಿಟ್ಟು ಹೇಳಿ ಎತ್ತಿದೆ. ಅಲಗು ಮಡಚಿದೆ. ಟಕ್ ಎಂದಿತು. ಬಾಗಿಲು ಹಾಕಿದಷ್ಟು ದೊಡ್ಡ ಸದ್ದಲ್ಲ, ನಾಲಿಗೆಯಿಂದ ಲೊಚಗುಟ್ಟಿ ಕೂಸನ್ನು ಕರೆದಂಥದ್ದು. ಕಾಕಾ ಕಣ್ಣರಳಿಸಿದರು. ಇನ್ನೊಮ್ಮೆ ಮಾಡು ಎಂದು ಕೇಳುವವರಿದ್ದರು, ಕೇಳಲಿಲ್ಲ.

ಅಂದು ಬೇಗ ಹೊರಟೆ. ಬಸ್ಸು ಮಾಂಡವಿ ಹೊಳೆಯ ಸೇತುವೆ ಏರಿದಾಗ ಚಾಕು ಹಿಡಿದ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿದೆ. ಕೆಳಗೆ ಮಳೆಯಲ್ಲಿ ಹೊಳೆ ಕೆಂಪಗೆ ಹರಿಯುತ್ತಿತ್ತು, ಅಂಚಿಗೆ ಮರಳಿನ ದೋಣಿಗಳು. ಕೈ ಒಳಗೆ ತೆಗೆದುಕೊಂಡೆ. ಬಸ್ಸಿನಲ್ಲಿ ಜನ ಒಬ್ಬರಿಗೊಬ್ಬರು ಒತ್ತಿ ನಿಂತಿದ್ದರು. ನನ್ನ ಮಗ್ಗುಲಿನ ಸೀಟು ಖಾಲಿ ಇತ್ತು. ವಯಸ್ಸಾದವನೊಬ್ಬ ಕೂರಲು ಬಗ್ಗಿದ, ಆಮೇಲೆ ಹೆಂಗಸಿನ ಪಕ್ಕ ಕೂರಲು ಹೋದವರು ಹಿಂಜರಿಯುತ್ತಾರಲ್ಲ, ಹಾಗೆ ಕೊಂಕಣಿಯಲ್ಲಿ ಏನೋ ಅಂದು ಹಿಂದೆ ಸರಿದ. ಚಿಂಬಲ್ಲಿನವರೆಗೂ ಅಲ್ಲಿ ಯಾರೂ ಕೂರಲಿಲ್ಲ.

ಮರುದಿನ ಹೋದಾಗ ಅಕ್ಕ ಗೋಡೆಗೆ ಒರಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ಕೂಸು ಗುಟುಕು ಗುಟುಕಾಗಿ ಕುಡಿಯುವುದು ಹೊರಗಿನವರೆಗೆ ಕೇಳುತ್ತಿತ್ತು. ಕಾಕು ದೇವಿಯ ಉಡಿ ತುಂಬಲು ದೇವಸ್ಥಾನಕ್ಕೆ ಹೋಗಿದ್ದಳು. ಹಿಂದಿನ ಕೋಣೆಯ ನೆಲ ಒರೆಸಿದೆ. ಇಡೀ ನೆಲ ಒದ್ದೆಯಾಯಿತು, ಇಡೀ ನೆಲ ಒಟ್ಟಿಗೆ ಒಣಗಿತು.

ದಾದಿ ಪ್ರತಿ ರಾತ್ರಿ ಆ ಚಾಕುವಿಗೆ ತನ್ನ ಸೆರಗಿನ ಎಳೆ ತೆಗೆದು ಸುತ್ತುತ್ತಿದ್ದಳು. ಸ್ವಂತದವಳಲ್ಲದಿದ್ದರೂ ಒಂದೇ ಜಾತಿಯವಳಲ್ಲವೇ ಎಂದಳು. ಬೆಳಗಾದಾಗ ಎಳೆ ಸಡಿಲಾಗಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ನಮ್ಮದು ಸಿಮೆಂಟಿನ ನೆಲ, ಮಳೆಗಾಲದಲ್ಲಿ ತೇವ ಏರಿ ಕಪ್ಪಗಿರುತ್ತದೆ. ನಾನು ಮಲಗುವ ಜಾಗದ ಮಗ್ಗುಲಲ್ಲಿ ಮಾತ್ರ ಒಂದು ಒಣ ಗುರುತು ಮೂಡಿತು. ಇಲ್ಲಿ ಆಕೆಗೆ ಉಣಿಸಲು ಯಾರೂ ಇಲ್ಲ, ಕೂತಷ್ಟು ದಿನ ಕೂರಲಿ ಎಂದುಕೊಂಡೆವು. ಒಂದು ರವಿವಾರ ಮಧ್ಯಾಹ್ನ, ಕೆಲಸ ಮಾಡಿ ದಣಿದಿದ್ದೆ, ಅಲ್ಲಿ ತಲೆ ಇಟ್ಟು ಮಲಗಿದೆ. ಅಷ್ಟು ಬೆಚ್ಚಗೆ ನಾನು ಯಾವತ್ತೂ ಮಲಗಿಲ್ಲ.

ಎದ್ದಾಗ ಹಸಿವೆ ಇರಲಿಲ್ಲ. ಮರುದಿನವೂ ಇರಲಿಲ್ಲ. ಹೊಟ್ಟೆ ಹಗುರವೂ ಅಲ್ಲ, ನೋವೂ ಇಲ್ಲ. ಊಟ ಮಾಡಿ ಎದ್ದವರಿಗೆ ಹೇಗಿರುತ್ತದೋ ಹಾಗೆ. ಅವ್ವ ನನ್ನ ಕುಪ್ಪಸದ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಕೊಟ್ಟಳು. ಮತ್ತೆ ಕೆಲವು ದಿನಕ್ಕೆ ಮತ್ತೊಮ್ಮೆ ಹಿಡಿದಳು. ಕಾಕು ಚಪಾತಿ ತುಪ್ಪ ಮುಂದೆ ಇಟ್ಟು ಕೂತು ಉಣ್ಣಿಸಲು ನೋಡಿದಳು. ಪದ್ಮಶ್ರೀ ಅಕ್ಕನ ಕೂಸು ಈಗ ಎತ್ತಿದರೆ ಕೈ ಸೋಲುವಷ್ಟು ಭಾರ.

ದಾದಿಗೆ ತಿಳಿಯಿತು. ತಾನು ಕೇಳಿದ ಮಾತು ಅರ್ಧವೇ ಇತ್ತು ಎಂದು ಒಂದು ದಿನ ನನ್ನ ಮುಂಗೈ ಹಿಡಿದು ಹೇಳಿದಳು. ಕೂಸಿಲ್ಲದ ಮನೆ ಎಂದರೆ ಯಾರೂ ಯಾರ ಮಗಳೂ ಅಲ್ಲದ ಮನೆ, ಬೆಳೆದ ಮಗಳೂ ಆಕೆಗೆ ಕೂಸೇ. ಅದನ್ನು ತಾನು ಯೋಚಿಸಲಿಲ್ಲ. ಯಾರದಾದರೂ ದಾರಿಯಲ್ಲಿ ಇಟ್ಟು ಬಾ, ಎತ್ತುವವರು ಎತ್ತಲಿ ಎಂದಳು.

ಚಾಕು ತೆಗೆದುಕೊಂಡು ಹೊರಗೆ ಬಂದೆ. ಮಳೆ ನಿಂತು ಓಣಿಯಲ್ಲಿ ಬಿಸಿಲು ಬಿದ್ದಿತ್ತು. ಯಮನೂರಪ್ಪನ ಮನೆಯ ತೊಲೆಗೆ ಸೀರೆಯ ಜೋಲಿ ಕಟ್ಟಿದ್ದರು. ಅದರಾಚೆ ಚಂಪಾಬಾಯಿಯ ಸೊಸೆ ಕೂಸಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೆಳಗಿನ ಮನೆ, ಎದುರಿನ ಮನೆ, ನಲ್ಲಿಯ ಹತ್ತಿರದ ಮನೆ. ಓಣಿಯ ಕೊನೆಯವರೆಗೂ ನಡೆದೆ. ಜೋಲಿ ಇಲ್ಲದ ಬಾಗಿಲು ಒಂದೂ ಸಿಗಲಿಲ್ಲ. ರಸ್ತೆಗೆ ಹೋದೆ, ಅಲ್ಲಿಯೂ ಬಸ್ಸಿಗೆ ಕಾಯುವ ಹೆಂಗಸರ ಕಂಕುಳಲ್ಲಿ ಅವೇ ಸಣ್ಣ ತಲೆಗಳು. ನನ್ನ ಕೈಯಲ್ಲಿ ಚಾಕು ತಾನಾಗಿ ತೆರೆದುಕೊಂಡಿತು. ಅದನ್ನು ಮಡಚಿದೆ. ಸದ್ದು ಬಂತು. ಪಕ್ಕದ ಕೂಸೊಂದು ತಾಯಿಯ ಹೆಗಲಿನಿಂದ ತಿರುಗಿ, ನನ್ನನ್ನಲ್ಲ, ನನ್ನ ಮಗ್ಗುಲಿಗೆ ನೋಡಿ ನಕ್ಕಿತು.

ತಿರುಗಿ ಮನೆಗೆ ಬಂದೆ. ದಾದಿ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ ಕಾಯುತ್ತಿದ್ದಳು. ನನ್ನ ಮುಚ್ಚಿದ ಮುಷ್ಟಿ ನೋಡಿ ತಾಟನ್ನು ನನ್ನ ಮುಂದೆ ಸರಿಸಿದಳು. ಅವಳಿಗಾಗಿ ಕೂತು ಒಂದು ತುತ್ತು ಮುರಿದೆ. ಬಾಯಿಯವರೆಗೆ ಒಯ್ಯುವುದರೊಳಗೆ ಹೊಟ್ಟೆ ತುಂಬಿತ್ತು.